ತಿಮಿಂಗಿಲದ ಗಂಟಲು

"ಹೊಟ್ಟೆ ಸೀಳಿ ನೋಡಿ ಡಾಕ್ಟ್ರೇ. ನಮ್ಮ ಯಜಮಾನ್ರು ಇದರೊಳಗೇ ಇದ್ದಾರೆ."

ಬಲೆ ಹೆಣೆಯುವ ಹೆಂಗಸು ಪಶುವೈದ್ಯನಿಗೆ ಅಡ್ಡ ನಿಂತಳು. ಅವಳ ಗಂಡನ ದೋಣಿ ಬರಿದಾಗಿ ದಡಕ್ಕೆ ಬಂದು ಒಂಬತ್ತು ದಿನವಾಗಿತ್ತು. ನಿನ್ನೆ ಬೆಳಿಗ್ಗೆ ಅದೇ ದಡಕ್ಕೆ ಈ ಸತ್ತ ನೀಲಿ ತಿಮಿಂಗಿಲ ಬಂದು ಬಿದ್ದಿತ್ತು, ಎಂಬತ್ತು ಅಡಿ ಉದ್ದದ್ದು. ಅದಕ್ಕೂ ಇದಕ್ಕೂ ಗಂಟು ಹಾಕಲು ಊರಿನ ಬಾಯಿಗಳಿಗೆ ಎಷ್ಟು ಹೊತ್ತು ಬೇಕು? ಹುಡುಕಲು ಹೋದವರೆಲ್ಲ ಬರಿಗೈಯಲ್ಲಿ ಮರಳಿದ ಮೇಲೆ ಅವಳಿಗೂ ಅದೇ ನಿಜವೆನಿಸಿತ್ತು. ಹೆಣವಾದರೂ ಸಿಗಲಿ ಎಂದು ಹಂಬಲಿಸುವ ಗತಿ ಯಾರಿಗೂ ಬರಬಾರದು.

ಇಪ್ಪತ್ತು ವರ್ಷ ಹಸು, ಕುದುರೆಗಳ ಜೊತೆ ಏಗಿದ ವೈದ್ಯನಿಗೂ ಇಂಥದ್ದು ಹೊಸದು. ಓದಿದ್ದು ಮಾತ್ರ ಮರೆತಿರಲಿಲ್ಲ. "ಇದು ಮನುಷ್ಯರನ್ನ ತಿನ್ನಲ್ಲಮ್ಮ. ಕಿರುಬೆರಳುದ್ದದ ಸೀಗಡಿಯಂಥದ್ದೇ ಇದರ ಊಟ."

"ಇಷ್ಟು ದೊಡ್ಡ ಹೊಟ್ಟೆ ಸೀಗಡಿಯಿಂದ ತುಂಬತ್ತಾ? ಯಾರ ಕಿವಿಗೆ ಹೂವು ಇಡ್ತೀರಿ?"

"ದಿನಕ್ಕೆ ಮೂರ್ನಾಲ್ಕು ಟನ್ ತಿನ್ನತ್ತೆ. ನೀರಿನ ಸಮೇತ ಬಾಯಿಗೆ ಎಳ್ಕೊಂಡು, ನೀರನ್ನ ಸೋಸಿ ಹೊರಗೆ ಬಿಡತ್ತೆ."

"ದೋಣಿಯೇ ಹಿಡಿಸೋ ಬಾಯಿ ಅದು. ನನಗೇನು ಕಣ್ಣಿಲ್ವಾ?"

ಇದು ಮಾತಿನಲ್ಲಿ ಮುಗಿಯುವ ಕೆಲಸವಲ್ಲ ಎಂದು ವೈದ್ಯನಿಗೆ ಅರ್ಥವಾಯಿತು. ಹೂಳಲು ಬಂದ ಕೆಲಸದವರು ತಲೆಯನ್ನು ಆಗಲೇ ಕೊಯ್ದು ಬೇರೆ ಮಾಡಿದ್ದರು. ಅವನು ಅವಳ ಮೂಗಿಗೆ ಬಟ್ಟೆ ಕಟ್ಟಿಸಿ, ಕೈಗವಸು ಕೊಟ್ಟು, ಕತ್ತಿನ ಬಳಿಗೆ ಕರೆದೊಯ್ದ. ಗೋಡೆಯಂತಿದ್ದ ಮಾಂಸದ ನಡುವೆ ಅನ್ನನಾಳ ಕಾಣುತ್ತಿತ್ತು.

"ಹೊಟ್ಟೆಗಿರೋದು ಇದೊಂದೇ ದಾರಿ. ನೀವೇ ಅಳೆದು ನೋಡಿ."

ಅವಳು ಗೇಣು ಹಾಕಿದಳು. ಎರಡೂ ಕೈಯಿಂದ ಎಳೆದು ಹಿಗ್ಗಿಸಿ ಮತ್ತೊಮ್ಮೆ ಹಾಕಿದಳು. ಒಂದು ಗೇಣಿನ ಮೇಲೆ ಎರಡು ಬೆರಳು ದಾಟಲಿಲ್ಲ. ಗಂಡನ ಅಂಗಿಗಳನ್ನು ಹೊಲಿಯುತ್ತಿದ್ದವಳು ಅವಳೇ. ಅವನ ಭುಜ ಎರಡು ಗೇಣಿಗೂ ಮಿಕ್ಕಿತ್ತು. ಅವಳು ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡಳು. ಇದ್ದ ಒಂದು ಆಸೆಯನ್ನೂ ತಾನೇ ಕಿತ್ತುಕೊಂಡೆನಲ್ಲ ಎಂದು ವೈದ್ಯನಿಗೆ ಸಂಕಟವಾಯಿತು.

ಅವಳು ಕೈಗವಸು ಕಳಚಿ ದೂರಕ್ಕೆ ಬೆರಳು ತೋರಿಸಿದಳು. "ಅಗೋ, ಅಲ್ಲಿ ಕೂತಿರೋರು ನಮ್ಮತ್ತೆ. ಎಂಟು ದಿನ ಕಲ್ಲಿನ ಹಾಗೆ ಇದ್ದರು. ಇದು ಬಂದ ಮೇಲೆ, ಮಗ ಸಿಕ್ಕಿದ ಅಂತ ಬಾಯಿಬಿಟ್ಟು ಅತ್ತರು. ಗಂಟಲಿನ ವಿಷಯ ಅವರಿಗೆ ಹೇಳಬೇಡಿ ಡಾಕ್ಟ್ರೇ."

ಸಂಜೆಯ ಹೊತ್ತಿಗೆ ತಿಮಿಂಗಿಲವನ್ನು ಹೂತು ಗುಂಡಿ ಮುಚ್ಚಿದರು. ಮುದುಕಿ ಸೊಸೆಯ ಕೈ ಹಿಡಿದುಕೊಂಡು ಬಂದಳು. ಮರಳಿನ ದಿಬ್ಬವನ್ನು ಆ ಕೊನೆಯಿಂದ ಈ ಕೊನೆಯವರೆಗೆ ನೋಡಿದಳು. ಎಲ್ಲಿ ಕೂರಬೇಕೆಂದೇ ಅವಳಿಗೆ ತೋಚಲಿಲ್ಲ.

"ನನ್ನ ಮಗ ಯಾವ ಕಡೆ ಇದ್ದಾನಪ್ಪಾ?"

ವೈದ್ಯನಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಸುಮ್ಮನೆ ಕೈಯೆತ್ತಿ ಸಮುದ್ರದ ಕಡೆಗೆ ತೋರಿಸಿದ.

ಮುದುಕಿ ದಿಬ್ಬದ ಆ ಅಂಚಿಗೆ ಹೋಗಿ, ಸಮುದ್ರಕ್ಕೆ ಬೆನ್ನು ಹಾಕಿ ಕುಳಿತು, ಮರಳು ಸವರತೊಡಗಿದಳು.