ಎಡಗಡೆಯ ಅಳತೆ

“ಇದೆಲ್ಲ ನಾಟಕ,” ಎಂದರು ದೊಡ್ಡ ಡಾಕ್ಟರು, ಮಂಚದ ಮೇಲಿದ್ದ ಹುಡುಗಿಗೂ ಕೇಳುವ ಹಾಗೆ. ಹುಡುಗಿಗೆ ಹನ್ನೊಂದು ವರ್ಷ. ಸೊಟ್ಟಗೆ ಬಾಗಿದ್ದ ಬೆನ್ನುಮೂಳೆಗೆ ಕಂಬಿ ಕೂರಿಸಿ ನೆಟ್ಟಗೆ ಮಾಡಿ ಅಂದಿಗೆ ನಾಲ್ಕನೆಯ ದಿನ. ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದ್ದರೂ ಎರಡು ಮಾತಾಡಿದರೆ ಏದುಸಿರು. ಉಸಿರೆಳೆದು ಚೆಂಡು ಮೇಲೇರಿಸುವ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೈಗೆ ಕೊಟ್ಟಿದ್ದರು. ಅದರ ಮೂರು ಚೆಂಡುಗಳಲ್ಲಿ ಒಂದೂ ಅಲುಗಿರಲಿಲ್ಲ. ಬೇರೆ ಮಕ್ಕಳೆಲ್ಲ ಎರಡನೆಯ ದಿನಕ್ಕೇ ಚೆಂಡು ಹಾರಿಸುತ್ತವೆ, ಇವಳಿಗೇನು ಹಠ, ಎಂದು ಡಾಕ್ಟರು ಕೇಳಿದರು. ನರ್ಸೂ ತಾಳ ಹಾಕಿದಳು. ಬೆಳಗಿನಿಂದ ಹೇಳಿ ಹೇಳಿ ಅವಳ ಗಂಟಲು ಒಣಗಿಹೋಯಿತಂತೆ.

ಆಮೇಲೆ ಡಾಕ್ಟರು ಆಪರೇಷನ್ನಿನ ಮರುದಿನ ತೆಗೆದಿದ್ದ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ನಿಂತಿದ್ದ ನಾಲ್ಕು ಮಂದಿ ಕಲಿಯುವ ಡಾಕ್ಟರುಗಳಿಗೆ ತೋರಿಸಿದರು. ಹೇಗಿದ್ದ ಮೂಳೆ ಹೇಗಾಗಿದೆ ನೋಡಿ ಎಂದರು. ನಾಲ್ವರೂ ತಲೆದೂಗಿದರು. ಬೆನ್ನು ನೋಡುವುದಕ್ಕೆ ಐದು ಜೋಡಿ ಕಣ್ಣು, ಎದೆ ನೋಡುವುದಕ್ಕೆ ಒಂದೂ ಇಲ್ಲವಲ್ಲ ಎಂದು ಮಂಚದ ಪಕ್ಕ ನಿಂತಿದ್ದ ತಾಯಿಗೆ ಮೈಯೆಲ್ಲ ಉರಿದುಹೋಯಿತು.

ತಾಯಿ ದರ್ಜಿ. ಶಾಲೆ ಮಕ್ಕಳ ಯೂನಿಫಾರಂ ಹೊಲಿದೇ ಸಂಸಾರ ತೂಗಿಸಿದವಳು. ಹೊಲಿಗೆ ಯಂತ್ರದ ಕಾಲಡಿಯಲ್ಲೇ ಆಡಿ ಬೆಳೆದ ಮಗಳನ್ನು ಮನೆಯವರೆಲ್ಲ ಕರೆಯುವುದು ಯಂತ್ರದ ದಾರದ ಉರುಳೆಯ ಹೆಸರಿನಿಂದ, ಬಾಬಿನ್ ಎಂದು. ಎಲ್ಲ ಮಕ್ಕಳ ಎದೆಗೂ ಟೇಪನ್ನು ಒಂದು ಸುತ್ತು ಸುತ್ತಿದರೆ ಸಾಕು. ಆದರೆ ಬಾಬಿನ್‌ಗೆ ಮೂರು ವರ್ಷದಿಂದ ಬಲಗಡೆ ಬೇರೆ, ಎಡಗಡೆ ಬೇರೆ ಅಳೆಯಬೇಕಾಗುತ್ತಿತ್ತು, ಬೆನ್ನುಮೂಳೆಯಿಂದ ಎದೆಯ ನಡುವಿನ ತನಕ. ಹಾಗೆ ಮಾಡದಿದ್ದರೆ ಅಂಗಿ ಒಂದು ಕಡೆ ಜೋತು ಬೀಳುತ್ತಿತ್ತು. ಈಗ ಬೆನ್ನು ನೆಟ್ಟಗಾಗಿ ಹಳೆಯ ಅಂಗಿ ಒಂದೂ ಕೆಲಸಕ್ಕೆ ಬರುವುದಿಲ್ಲವೆಂದು ಎರಡನೆಯ ದಿನದಿಂದಲೇ ತಾಯಿ ಅಳತೆಗೆ ಕೂತಿದ್ದಳು. ಉಸಿರು ಎಳೆದಾಗ ಒಂದು, ಬಿಟ್ಟಾಗ ಒಂದು. ಹೊಲಿದದ್ದು ಮೈಗೆ ಬಿಗಿಯಬಾರದು ನೋಡಿ. ಉಸಿರೆಳೆದಾಗ ಬಲಗಡೆ ದಿನವೂ ಒಂದು ಬೆರಳಿನಷ್ಟು ಹಿಗ್ಗುತ್ತಿತ್ತು. ಎಡಗಡೆ ಮೊದಲ ದಿನ ಅರ್ಧ ಬೆರಳು, ಮರುದಿನ ಒಂದು ನೂಲಿನೆಳೆ, ಇವತ್ತು ಏನೂ ಇಲ್ಲ.

ಮಾತ್ರೆ ಡಬ್ಬಿಯ ರಟ್ಟಿನ ಮೇಲೆ ಬರೆದಿಟ್ಟಿದ್ದ ಆ ಲೆಕ್ಕವನ್ನು ಬೆಳಿಗ್ಗೆಯೇ ನರ್ಸಿಗೆ ತೋರಿಸಿದ್ದಳು. ಇದೇನು ಟೈಲರ್ ಅಂಗಡಿಯೇನಮ್ಮ ಎಂದು ಅವಳು ನಕ್ಕು ಹೋಗಿದ್ದಳು. ಈಗ ತಾಯಿ ಡಾಕ್ಟರ ಮೂಗಿನ ಕೆಳಗೇ ರಟ್ಟು ಹಿಡಿದಳು. ಅವರು ಅದರತ್ತ ನೋಡಲೂ ಇಲ್ಲ.

“ನೋಡಮ್ಮ, ಬೆರಳಿನ ಕ್ಲಿಪ್ಪಲ್ಲಿ ಆಕ್ಸಿಜನ್ ನಂಬರ್ ಚೆನ್ನಾಗೇ ಬರ್ತಿದೆ. ನಿನ್ನ ಕೆಲಸ ನೀನು ನೋಡ್ಕೋ, ನಮ್ಮ ಕೆಲಸ ನಮಗೆ ಬಿಡು.”

“ನನ್ನ ಕೆಲಸಾನೇ ನೋಡ್ತಿದ್ದೀನಿ ಡಾಕ್ಟ್ರೇ. ಅಳತೇಲಿ ನಾನು ತಪ್ಪಲ್ಲ. ಕುತ್ತಿಗೇಲಿ ಹಾಕ್ಕೊಂಡಿದ್ದೀರಲ್ಲ, ಅದನ್ನ ಒಂದ್ಸಲ ಅವಳ ಎಡಗಡೆ ಇಟ್ಟು ಕೇಳಿ. ಅಲ್ಲೀವರೆಗೂ ನಾನು ದಾರಿ ಬಿಡಲ್ಲ.”

ಎರಡು ಮಂಚದ ನಡುವಿನ ಸಂದಿಯಲ್ಲಿ ಅವಳು ನಿಂತೇಬಿಟ್ಟಳು. ಪೀಡೆ ತೊಲಗಿದರೆ ಸಾಕು ಎಂಬ ಮುಖ ಮಾಡಿಕೊಂಡು ಡಾಕ್ಟರು ಬಾಗಿ ಸ್ಟೆತಾಸ್ಕೋಪ್ ಇಟ್ಟರು. ಬಲಗಡೆ ಇಟ್ಟರು, ಎಡಗಡೆ ಇಟ್ಟರು, ಮತ್ತೆ ಎಡಗಡೆಯೇ ಇನ್ನೂ ಕೆಳಗೆ ಇಟ್ಟರು. ಅವರ ಮುಖ ಹುಳ್ಳಗಾಯಿತು. ಎದೆಯ ಎಕ್ಸ್‌ರೇ ಈಗಲೇ ಆಗಬೇಕು ಎಂದು ನರ್ಸಿನ ಮೇಲೆ ರೇಗಿದರು.

ಎಡಗಡೆ ಶ್ವಾಸಕೋಶದ ಸುತ್ತ ನೀರು ತುಂಬಿ ಅದನ್ನು ಮುದ್ದೆ ಮಾಡಿಹಾಕಿತ್ತು. ಪಕ್ಕೆಲುಬಿನ ನಡುವೆ ನಳಿಗೆ ತೂರಿಸಿದ್ದೇ ತಡ, ಕೆಂಪು ನೀರು ಬುಳುಬುಳು ಎಂದು ಇಳಿಯತೊಡಗಿತು. ನಾಟಕವಂತೆ ನಾಟಕ! ಮುಕ್ಕಾಲು ಬಾಟಲಿ ನಾಟಕ ಇಳಿಯಿತು ಆ ಎಳೆಜೀವದಿಂದ. ಇನ್ನೊಂದು ದಿನ ತಡವಾಗಿದ್ದರೆ ಏನಾಗುತ್ತಿತ್ತು ಎಂದು ತಾಯಿ ಕೇಳಿದರೆ ಡಾಕ್ಟರು ಬಾಟಲಿಯ ಗೆರೆ ಎಣಿಸತೊಡಗಿದರು.

ಆಮೇಲೆ ಹುಡುಗಿ ದಿನದಿನಕ್ಕೂ ಗೆಲುವಾದಳು. ಮರುದಿನ ಒಂದು ಚೆಂಡು ಎದ್ದಿತು, ಅದರ ಮರುದಿನ ಎರಡು. ನಳಿಗೆ ಹಾಕಿದ ಐದು ದಿನಕ್ಕೆ ಅದನ್ನು ತೆಗೆದರು, ಮಾಸ್ಕನ್ನೂ ತೆಗೆದರು. ಟೇಪು ಹಿಡಿದರೆ ಎರಡೂ ಕಡೆ ಒಂದೊಂದು ಬೆರಳು. ತಾಯಿಗೆ ಹೋದ ಜೀವ ಬಂದ ಹಾಗಾಯಿತು. ಆಗ ಬಂದರು ದೊಡ್ಡ ಡಾಕ್ಟರು, ನಾಲ್ವರ ಸಮೇತ, ನಗುನಗುತ್ತ. ಇಂಥ ಆಪರೇಷನ್ ಆದಮೇಲೆ ಎದೆಯಲ್ಲಿ ನೀರು ತುಂಬುವುದುಂಟು, ಎಚ್ಚರವಾಗಿರಬೇಕು, ಇವಳದ್ದನ್ನು ನಾವು ಸಕಾಲದಲ್ಲಿ ಪತ್ತೆ ಹಚ್ಚಿದೆವು ಎಂದು ಪಾಠ ಮಾಡಿದರು. ನಾವಂತೆ!

ಬಾಬಿನ್ ಮೆಲ್ಲಗೆ ಎದ್ದು ಕೂತಳು. ಒಂಬತ್ತು ದಿನದಲ್ಲಿ ಮೊದಲ ಸಲ ಎದೆ ತುಂಬ ಉಸಿರೆಳೆದು, ಒಂದೇ ಗುಕ್ಕಿನಲ್ಲಿ ಹೇಳಿದಳು, “ಸಾರಿ ಡಾಕ್ಟ್ರೇ, ಅವತ್ತು ನಾನು ಬೇಕೂಂತ ಹಾಗೆ ಮಾಡ್ಲಿಲ್ಲ.”

ಡಾಕ್ಟರು ದೊಡ್ಡ ಮನಸ್ಸು ಮಾಡಿ ಅವಳ ಕೆನ್ನೆ ತಟ್ಟಿದರು. “ಪರವಾಗಿಲ್ಲ ಪುಟ್ಟಾ, ಇನ್ಮೇಲೆ ಜಾಣೆ ಆಗಿರು,” ಎಂದು ಮುಂದಿನ ಮಂಚದತ್ತ ತಿರುಗಿದರು.

ತಾಯಿ ಅಡ್ಡ ನಿಂತಿದ್ದಳು.

“ಅವಳು ಹೇಳಿ ಆಯ್ತು ಡಾಕ್ಟ್ರೇ,” ಎಂದಳು. “ಇನ್ನು ನೀವು ಹೇಳಿ.”