ಕಿಟಕಿಯಾಚೆಯ ಭೂಗೋಳ

ಒಂಬತ್ತನೇ ತರಗತಿಯ ಹಂಪಮ್ಮ ಕಾಣೆಯಾಗಿ ಹನ್ನೊಂದು ದಿನಗಳಾಗಿದ್ದವು. ಅವಳ ಅಪ್ಪ ಅಂದೂ ಶಾಲೆಗೆ ಬಂದು, “ನಿಮಗೇನರ ಫೋನ್ ಮಾಡಿದ್ಲೇನ್ರಿ ಟೀಚರ್?” ಎಂದು ಕೇಳಿ, ವರಾಂಡದ ಬೆಂಚಿನ ಮೇಲೆ ಕಣ್ಣೊರೆಸಿಕೊಳ್ಳುತ್ತ ಕುಳಿತಿದ್ದ. ಭೂಗೋಳ ಕಲಿಸುವ ವನಜಾಕ್ಷಿ ಟೀಚರ್ ತರಗತಿಯೊಳಗೆ ಕಾಲಿಟ್ಟಾಗ ಅವರ ಫೋನ್ ರಿಂಗಾಯಿತು.

“ಮಿಸ್, ನಾನು ಹಂಪಮ್ಮ. ಕದ್ದು ಫೋನ್ ಮಾಡಾಕತ್ತೀನಿ. ನನ್ನ ಕೂಡಿಹಾಕ್ಯಾರ. ಇದು ಯಾವ ಊರೋ ಗೊತ್ತಿಲ್ಲ.”

“ಹೆದರಬ್ಯಾಡ. ಕಿಟಕಿಯಿಂದ ಏನು ಕಾಣ್ತೈತಿ ಹೇಳು.”

“ಸಮುದ್ರ. ಬೆಳಿಗ್ಗೆ ಸೂರ್ಯ ಅದರೊಳಗಿಂದನ ಹುಟ್ತಾನ.”

“ಹಂಗಾದ್ರ ಪೂರ್ವ ಕರಾವಳಿ. ನದಿ ಐತೇನು?”

“ಐತ್ರಿ. ಸಮುದ್ರ ಸೇರೋಕಿಂತ ಮೊದಲು ಕವಲೊಡದೈತಿ. ಅಂಗಳದ ಮರಳಾಗ ನೀರು ಹರಿಸಿ ನಮ್ಮ ಕೈಲಿ ಮಾಡಿಸಿದ್ರಲ್ಲ, ಹಂಗ.”

“ಜನ ಯಾವ ಮಾತಾಡ್ತಾರ?”

“ತೆಲುಗು.”

ಗೋಡೆಯ ನಕ್ಷೆಯ ಮೇಲೆ ಸರಿಯುತ್ತಿದ್ದ ಟೀಚರ ಬೆರಳು ಒಂದು ನದಿಯ ಮುಖದಲ್ಲಿ ನಿಂತಿತು.

“ಗೊತ್ತಾತು ಕಂದಾ! ಈಗಲೇ ಪೊಲೀಸರಿಗೆ ಹೇಳ್ತೀನಿ. ನಿಮ್ಮಪ್ಪ ಹೊರಗ ಕುಂತಾರ, ತಡಿ, ಫೋನ್ ಕೊಡ್ತೀನಿ.”

“ಬ್ಯಾಡ್ರಿ ಮಿಸ್! ನಮ್ಮಪ್ಪನೇ ನನ್ನ ಇಲ್ಲಿಗೆ ತಂದು ಬಿಟ್ಟು ಹೋಗಿದ್ದು.”