ಮೂರನೇ ಸಾಲಿನ ಬೆಳಕು

ಕ್ಯಾಮೆರಾದ ಮುಂಭಾಗದ ಪುಟ್ಟ ದೀಪಕ್ಕೆ ಕಪ್ಪು ಪಟ್ಟಿ ಅಂಟಿಸಿ, ತಮ್ಮ ಅದನ್ನು ಉಗುರಿನಿಂದ ಒತ್ತಿ ಕೂರಿಸಿದ. ಇವತ್ತು ಅಣ್ಣನ ಬೇಳೆ ಬೇಯುವುದಿಲ್ಲ.

ಮಧ್ಯಾಹ್ನದ ಆಟ. ವೇದಿಕೆಯ ಮೇಲೆ ಜಾದೂಗಾರ ಅಣ್ಣ, ಪಕ್ಕದಲ್ಲಿ ಆಳೆತ್ತರದ ಪೆಟ್ಟಿಗೆ. ಅತ್ತಿಗೆ ಅದರೊಳಗೆ ನಿಲ್ಲುತ್ತಾಳೆ, ದೀಪ ಮಂಕಾಗುತ್ತದೆ, ಪೆಟ್ಟಿಗೆ ಖಾಲಿ! ಆ ಪೆಟ್ಟಿಗೆ ಮಾಡಿದವನು ತಮ್ಮ. ಅದರ ಕಳ್ಳಬಾಗಿಲೂ ಅವನದೇ ಕೈಕೆಲಸ. ಒಮ್ಮೆ ತುಂಬಿದ ಸಭೆಯಲ್ಲಿ ಆ ಬಾಗಿಲಿಂದ ನುಸುಳುತ್ತಿದ್ದ ಅತ್ತಿಗೆ ಜನರ ಕಣ್ಣಿಗೆ ಬಿದ್ದಿದ್ದಳು. ಅಣ್ಣ ಎಲ್ಲರೆದುರೇ ತಮ್ಮನ ಮೇಲೆ ಹರಿಹಾಯ್ದಿದ್ದ.

"ಎರಡೇ ಕ್ಷಣ ಜನರ ಗಮನ ಬೇರೆ ಕಡೆ ಸೆಳಿ ಅಂದಿದ್ದೆ. ಅಷ್ಟೂ ಆಗ್ಲಿಲ್ವಲ್ಲೋ ನಿನ್ನ ಕೈಲಿ! ನಡಿ ಆಚೆಗೆ."

ಈಗ ಅದೇ ಪೆಟ್ಟಿಗೆಯಿಂದ ಅಣ್ಣನಿಗೆ ಹೆಸರು, ಹಾರ, ಚಪ್ಪಾಳೆ. ತಮ್ಮನ ಹೆಸರು ಎಲ್ಲೂ ಇಲ್ಲ. ಅತ್ತಿಗೆ ಅರ್ಧ ಹೊರಗೆ, ಅರ್ಧ ಒಳಗೆ ಇರುವ ಒಂದೇ ಒಂದು ಚಿತ್ರ ಸಿಕ್ಕರೆ ಸಾಕು, ಪತ್ರಿಕೆಗೆ ಕೊಟ್ಟು ಅಣ್ಣನ ಮಾನ ಹರಾಜು ಹಾಕಬೇಕು. ತಮ್ಮನಿಗೆ ಬೇರೇನೂ ಬೇಕಿರಲಿಲ್ಲ.

ಮೊದಲ ಸಲ ಫ್ಲ್ಯಾಶ್ ಆರಿಸಲು ಮರೆತು ಕೆಟ್ಟಿದ್ದ. ಮಿಂಚು ಹೊಡೆದಂತಾಗಿ ಜನ ಅವನನ್ನು ಹೊರಗೆ ದಬ್ಬಿದ್ದರು. ಎರಡನೇ ಸಲ ಫ್ಲ್ಯಾಶ್ ಆರಿಸಿದ್ದ. ಆದರೆ ಕತ್ತಲಲ್ಲಿ ಗುರಿ ಹುಡುಕುವ, ಕ್ಯಾಮೆರಾದ ಆ ಹಾಳು ಕಿತ್ತಳೆ ದೀಪ ತಾನಾಗಿಯೇ ಹೊತ್ತಿಕೊಂಡಿತು. ಮತ್ತೆ ದಬ್ಬಿಸಿಕೊಂಡ. ಆದರೂ ಯಾರೋ ಪುಣ್ಯಾತ್ಮ ಪ್ರತಿ ಸಲ ಮೂರನೇ ಸಾಲಿನ ನಡುವಿನ ಟಿಕೆಟ್ ಕಳಿಸುತ್ತಿದ್ದ. ಅಣ್ಣನಿಗೆ ವೈರಿಗಳು ಕಡಿಮೆಯೇ? ಎಲ್ಲರ ಚೀಲ ಜಾಲಾಡುವ ಬಾಗಿಲ ಕಾವಲುಗಾರ ಕೂಡ ಹಳೆಯ ವಿಶ್ವಾಸಕ್ಕೋ ಏನೋ, ಅವನ ಚೀಲ ಮುಟ್ಟುತ್ತಿರಲಿಲ್ಲ.

ಅತ್ತಿಗೆ ಪೆಟ್ಟಿಗೆ ಹೊಕ್ಕಳು, ವೇದಿಕೆಯ ದೀಪ ಮಂಕಾಯಿತು. ಕ್ಯಾಮೆರಾದ ಗುಂಡಿಯನ್ನು ತಮ್ಮ ಅರ್ಧ ಒತ್ತಿದ. ಪಟ್ಟಿಯಡಿಯ ದೀಪ ಕುರುಡಾಗಿತ್ತು. ಲೆನ್ಸು ಹಿಂದೆ ಮುಂದೆ ಗುರುಗುಟ್ಟಿತೇ ಹೊರತು ಗುರಿ ಸಿಗಲಿಲ್ಲ.

ವಿಚಿತ್ರವೆಂದರೆ, ವೇದಿಕೆಯ ಮೇಲೂ ಏನೂ ನಡೆಯಲಿಲ್ಲ. ಅಣ್ಣ ಕೈ ಎತ್ತಿದ, ಇಳಿಸಿದ. ಸಭೆಯಲ್ಲಿ ಗುಸುಗುಸು ಶುರುವಾಯಿತು. ಅಣ್ಣ ಹಣೆ ಒರೆಸಿಕೊಂಡು ಮೂರನೇ ಸಾಲಿನತ್ತ ನೋಡಿದ.

"ಅವಸರ ಬೇಡ, ಮಹಾಜನರೇ. ಬೆಳಕು ಬಂದಾಗ ಮಾಯೆ ನಡೆಯುತ್ತೆ."

ಹೆದರಿದ್ದಾನೆ! ತಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇಂಥ ಗಳಿಗೆ ಮತ್ತೆ ಸಿಗದು. ಆದದ್ದಾಗಲಿ ಎಂದು ಪಟ್ಟಿಯನ್ನು ಕಿತ್ತೆಸೆದು ಗುಂಡಿ ಒತ್ತಿದ.

ಕಿತ್ತಳೆ ಬೆಳಕು ಭಗ್ಗನೆ ಹೊತ್ತಿತು.

"ಮತ್ತೆ ಬಂದ ನೋಡ್ರೀ!" ಎಂದು ಮುಂದಿನ ಸಾಲಿನ ಮೀಸೆಯವನು ತಿರುಗಿ ಎದ್ದ. ಇಡೀ ಸಭೆ ತಿರುಗಿತು. "ಎಳ್ದು ಹಾಕ್ರೀ ಆಚೆಗೆ!" ಕಾವಲುಗಾರ ಬಂದು ರಟ್ಟೆ ಹಿಡಿದ. ಬೆನ್ನ ಹಿಂದೆ ಚಪ್ಪಾಳೆಯ ಸುರಿಮಳೆಯಾಯಿತು. ಪೆಟ್ಟಿಗೆ ಖಾಲಿಯಾಗಿತ್ತು.

ಹೊರಗಿನ ಮೆಟ್ಟಿಲ ಮೇಲೆ ಕೂತು, ತೆಗೆದ ಚಿತ್ರವನ್ನು ತಮ್ಮ ನೋಡಿದ. ಮೀಸೆಯವನ ಕೆರಳಿದ ಮುಖ, ಒಂದೊಂದು ಕೂದಲೂ ಸ್ಪಷ್ಟ. ವೇದಿಕೆ ಇರಬೇಕಾದಲ್ಲಿ ಬರೀ ಮಸುಕು. ಅಳು ಬಂತು.

ಕಾವಲುಗಾರ ಅವನ ಅಂಗಿಯನ್ನು ಸರಿಪಡಿಸಿ, ಜೇಬಿಗೆ ಟಿಕೆಟೊಂದನ್ನು ತುರುಕಿದ. ಮೂರನೇ ಸಾಲು, ಅದೇ ಸೀಟು.

"ನಿಮ್ಮ ಅಣ್ಣಾವ್ರು ಕೊಟ್ರು. ನಾಳೆ ಆ ಪಟ್ಟಿ ಅಂಟಿಸ್ಕೊಂಡು ಬರ್ಬೇಡಿ ಅಂದ್ರು, ಸ್ವಾಮಿ. ಆಟ ತಡ ಆಗುತ್ತಂತೆ."